ಆಟಿಸಂ ಇರುವ ತಮ್ಮನಿಗೆ ಅಡಿಕೆ ಗೋಡೌನಿನಲ್ಲಿ ಕೆಲಸ: ಮೊದಲೇ ಏನೆಲ್ಲ ಮಾತಾಡಿಕೊಳ್ಳಬೇಕು?

ಮುಳ್ಳೇರಿಯದ ಅಕ್ಕ

ನನ್ನ ತಮ್ಮನಿಗೆ 23 ವರ್ಷ. ಆಟಿಸಂ ಇದೆ. ಪ್ಲಸ್ ಟು ಮುಗಿಸಿದ್ದಾನೆ. ಮಾತು ಕಮ್ಮಿ, ಹೇಳಿದ್ದು ಪೂರ್ತಿ ಅರ್ಥ ಆಗುತ್ತದೆ. ಮನೆಯಲ್ಲಿ ಅಡಿಕೆ ಹೆಕ್ಕಲು ಕೂತರೆ ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಕಡಿಮೆ ದರ್ಜೆಯ ಅಡಿಕೆ ಎಲ್ಲ ಅಪ್ಪನಿಗಿಂತ ಚೆನ್ನಾಗಿ ಬೇರೆ ಮಾಡುತ್ತಾನೆ. ಒಳ್ಳೆ ಅಡಿಕೆಯ ರಾಶಿಗೆ ಒಂದು ಕರಿಗೋಟು ಸಹ ತಪ್ಪಿ ಬೀಳುವುದಿಲ್ಲ.

ಹೋದ ವರ್ಷ ಪೇಟೆಯ ಒಂದು ಅಂಗಡಿಗೆ ಸೇರಿಸಿದ್ದೆವು. ಕೌಂಟರಿನಲ್ಲಿ ನಿಲ್ಲಿಸಿದರು. ಒಬ್ಬರು ಮಲಯಾಳದಲ್ಲಿ, ಇನ್ನೊಬ್ಬರು ತುಳುವಿನಲ್ಲಿ, ಮತ್ತೊಬ್ಬರು ಬ್ಯಾರಿಯಲ್ಲಿ ಒಟ್ಟಿಗೆ ಕೇಳುವಾಗ ಇವನು ಕಿವಿ ಮುಚ್ಚಿ ಗೋಡೆ ಕಡೆ ತಿರುಗಿ ನಿಂತ. "ಇವನಿಂದ ಆಗ್ಲಿಕ್ಕಿಲ್ಲ" ಎಂದು ಕಳಿಸಿಬಿಟ್ಟರು. ಅದನ್ನು ಅವನ ಎದುರೇ ಹೇಳಿದ್ದು ನನಗೆ ಇನ್ನೂ ಸಹಿಸಲಿಕ್ಕೆ ಆಗುವುದಿಲ್ಲ.

ಈಗ ಅಪ್ಪನ ಪರಿಚಯದ ಅಡಿಕೆ ವ್ಯಾಪಾರಿ ಒಬ್ಬರು ಗೋಡೌನಿನಲ್ಲಿ ಗಾರ್ಬಲ್ ಕೆಲಸಕ್ಕೆ, ಅಂದರೆ ಅಡಿಕೆಯನ್ನು ದರ್ಜೆ ನೋಡಿ ಬೇರೆ ಮಾಡುವುದಕ್ಕೆ, ಕಳಿಸಿ ನೋಡಿ ಎಂದಿದ್ದಾರೆ. ಪಕ್ಕದಲ್ಲೇ ಅಡಿಕೆ ಸುಲಿಯುವ ಮೆಷಿನ್ ಇದೆ, ಅದೇ ಹೆದರಿಕೆ. ಅವರ ಹತ್ತಿರ ಮೊದಲೇ ಏನು ಮಾತಾಡಬೇಕು? ಸಂಬಳ ಕೇಳಬಹುದಾ? ಅಮ್ಮ "ಸುಮ್ನೆ ಕೂರುವುದಕ್ಕಿಂತ ಹೋಗಲಿ, ದುಡ್ಡು ಬೇಡ" ಎನ್ನುತ್ತಾರೆ.

ಹಾಳೆ ತಟ್ಟೆ ಬದಿಯಡ್ಕ

ಅಕ್ಕಾ, ನಾನು ಅಡಿಕೆ ಹಾಳೆಯ ತಟ್ಟೆ ಮಾಡುವ ಯೂನಿಟ್ ನಡೆಸುತ್ತೇನೆ. ನಮ್ಮಲ್ಲಿ ಆಟಿಸಂ ಇರುವ ಒಬ್ಬ ಹುಡುಗ ಕೆಲಸಕ್ಕಿದ್ದಾನೆ.

ಇಂಟರ್‌ವ್ಯೂ ಬೇಡ ಎನ್ನಿ. ಎದುರು ಕೂರಿಸಿ "ನಿನ್ನ ಬಗ್ಗೆ ಹೇಳು" ಎಂದರೆ ಅವನಿಗೆ ಗಾರ್ಬಲ್ ಬರುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಒಂದು ಗೋಣಿ ಅಡಿಕೆ ಮುಂದಿಟ್ಟು ನೋಡಲಿ.

ಆಮೇಲೆ, ಕೆಲಸ ಹೇಳುವ ರೀತಿ. ನಾವು "ತಟ್ಟೆ ಸ್ವಲ್ಪ ನೋಡಿ ಇಡು ಮಾರಾಯ" ಎನ್ನುತ್ತೇವೆ. ಏನು ನೋಡಬೇಕು, ಎಲ್ಲಿ ಇಡಬೇಕು ಎಂದು ಹೇಳುವುದೇ ಇಲ್ಲ ಅಲ್ವಾ? ಅವನ ಮೇಜಿನ ಮೇಲೆ ಮೂರು ತಟ್ಟೆ ಅಂಟಿಸಿಟ್ಟಿದ್ದೇವೆ. ಒಂದು ಸರಿ ಇರುವುದು, ಒಂದು ಅಂಚು ಒಡೆದದ್ದು, ಒಂದು ಕಪ್ಪು ಕಲೆಯದ್ದು. ಕೆಳಗೆ ದೊಡ್ಡದಾಗಿ ಬರೆದಿದೆ: "25 ತಟ್ಟೆಗೆ ಒಂದು ಕಟ್ಟು. ಕಲೆ ಇದ್ದದ್ದು ನೀಲಿ ಬುಟ್ಟಿಗೆ." ಅವನು ಕಟ್ಟಿದ್ದನ್ನು ಈಗ ಯಾರೂ ಇನ್ನೊಮ್ಮೆ ಎಣಿಸುವುದಿಲ್ಲ. ಕೆಲಸ ಹೇಳುವವರೂ ಒಬ್ಬರೇ ಇರಲಿ, ಒಂದೇ ಭಾಷೆಯಲ್ಲಿ ಹೇಳಲಿ.

ಶುರುವಿಗೆ ನೀವು ಪಕ್ಕದಲ್ಲಿ ಕೂತುಕೊಳ್ಳಿ. ಅವನ ಕೆಲಸ ಮಾಡಿಕೊಡಲು ಅಲ್ಲ, ಜಾಗ ಅಭ್ಯಾಸ ಆಗುವವರೆಗೆ. ಆಮೇಲೆ ಹೊರಗೆ ಜಗಲಿಯಲ್ಲಿ ಕೂರಿ, ಆಮೇಲೆ ಮನೆಗೆ ಹೋಗಿ. ದೊಡ್ಡ ಪಟ್ಟಣಗಳಲ್ಲಿ ಇದಕ್ಕೆ ಜಾಬ್ ಕೋಚ್ ಎಂದು ಬೇರೆ ಜನ ಇರುತ್ತಾರೆ. ನಮ್ಮ ಕಡೆ ಅದೂ ಮನೆಯವರ ತಲೆಗೇ ಬರುತ್ತದೆ.

ಸಂಬಳ ಖಂಡಿತ ಕೇಳಿ. ಪಕ್ಕದಲ್ಲಿ ಕೂತವರಿಗೆ ಯಾವ ರೇಟೋ ಇವನಿಗೂ ಅದೇ. ಬಿಟ್ಟಿ ಕಳಿಸಿದರೆ "ಪಾಪ ಎಂದು ಇಟ್ಟುಕೊಂಡಿದ್ದೇವೆ" ಎಂದಾಗುತ್ತದೆ. ಸೀಸನ್ ಇಳಿದಾಗ ಮೊದಲು ಮನೆಗೆ ಕಳಿಸುವುದು ಅವನನ್ನೇ.

ಉಪ್ಪಳದ ಪ್ಯಾಸೆಂಜರ್

ನನಗೇ ಆಟಿಸಂ ಇದೆ. ಮಂಗಳೂರಿನ ಒಂದು ಆಫೀಸಿನಲ್ಲಿ ಬಿಲ್ ಎಂಟ್ರಿ ಮಾಡುತ್ತೇನೆ, ದಿನಾ ರೈಲಿನಲ್ಲಿ ಹೋಗಿಬರುತ್ತೇನೆ.

ಆ ಮೆಷಿನ್ ವಿಷಯ. ನಿಮಗೆ ಅದು ಶಬ್ದ, ನನ್ನಂಥವರಿಗೆ ಮೈಗೆ ಹೊಡೆದ ಹಾಗೆ. ಯಾವಾಗ ಶುರುವಾಗುತ್ತದೆ ಎಂದು ಗೊತ್ತಿಲ್ಲದಿರುವುದು ಇನ್ನೂ ಜಾಸ್ತಿ ಕಷ್ಟ. ಸುಲಿಯುವ ಹೊತ್ತನ್ನು ಮೊದಲೇ ಬರೆದು ಗೋಡೆಗೆ ಹಾಕಲು ಹೇಳಿ. ಅವನ ಜಾಗ ಮೆಷಿನಿಂದ ದೂರ ಇರಲಿ. ಇಯರ್ ಮಫ್ ತಂದರೆ ಮೊದಲು ಮನೆಯಲ್ಲಿ ಹಾಕಿ ನೋಡಲಿ, ಕೆಲವರಿಗೆ ಅದು ತಲೆ ಒತ್ತುವುದೇ ಆಗುವುದಿಲ್ಲ. ಬೇಕಾದಾಗ ಎದ್ದು ಹೊರಗೆ ಹೋಗಲು ಯಾರನ್ನೂ ಕೇಳಬೇಕಾಗಿಲ್ಲ ಎಂದೂ ಮಾತಾಗಲಿ. ನಾನು ಮಧ್ಯೆ ಮಧ್ಯೆ ಮೆಟ್ಟಿಲಲ್ಲಿ ನಿಂತು ಬರುತ್ತೇನೆ. ಅದರಿಂದಲೇ ಸಂಜೆವರೆಗೆ ಕೂರಲು ಆಗುತ್ತದೆ.

ಮತ್ತೆ, ಅವನಿಗೆ ಈ ಕೆಲಸ ಇಷ್ಟವಾ? ನಿಮ್ಮ ಪೋಸ್ಟಿನಲ್ಲಿ ಅಪ್ಪ, ಅಮ್ಮ, ವ್ಯಾಪಾರಿ ಎಲ್ಲರ ಮಾತೂ ಇದೆ, ಅವನದ್ದಿಲ್ಲ. ಬಾಯಲ್ಲಿ ಹೇಳದಿದ್ದರೆ ಬರೆದು ಕೇಳಿ.

ಕುಂಬಳೆ ಟೀಚರ್

ಕಾಗದಪತ್ರದ ಬಗ್ಗೆ ನಾನು ಹೇಳುತ್ತೇನೆ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಕೇಂದ್ರ ಸರ್ಕಾರ ಕೊಡುವ ಗುರುತಿನ ಚೀಟಿ, ಆಗಿದೆಯಾ? ಇಡೀ ದೇಶಕ್ಕೆ ಅದೊಂದೇ ಸಾಕು, ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಕೆಲಸಕ್ಕೆ ಹೋದರೂ ನಡೆಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಸೇರಿದೆ. ಸರ್ಕಾರಿ ಕೆಲಸದಲ್ಲಿ 4% ಮೀಸಲಾತಿ. ಅದರಲ್ಲಿ 1% ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ ಇಂಥವಕ್ಕೆಲ್ಲ ಸೇರಿಸಿ. ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯದ ಪ್ರಮಾಣ 40% ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಖಾಸಗಿಯವರಿಗೆ ಈ ಮೀಸಲಾತಿ ಅನ್ವಯಿಸುವುದಿಲ್ಲ, ಹಾಗಾಗಿ ಗೋಡೌನಿನಲ್ಲಿ ಎಲ್ಲ ಮಾತಿನ ಮೇಲೆಯೇ ನಿಂತಿದೆ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ, ಮಾಡಿಸಿಡಿ. ಸಂಬಳ ಅವನ ಹೆಸರಿನ ಬ್ಯಾಂಕ್ ಖಾತೆಗೇ ಬರಲಿ, ನಿಮ್ಮದಕ್ಕೆ ಬೇಡ.

ಮುಳ್ಳೇರಿಯದ ಅಕ್ಕ

ಬರೆದು ಕೇಳಿದೆ. "ಅಡಿಕೆ ಆಗಬಹುದು. ಮೆಷಿನ್ ಇರುವಾಗ ಹೊರಗೆ. ಊಟಕ್ಕೆ ಮನೆಗೆ" ಎಂದು ಬರೆದುಕೊಟ್ಟ. ಊಟದ ವಿಷಯ ನಮಗ್ಯಾರಿಗೂ ಹೊಳೆದಿರಲಿಲ್ಲ. ಸೋಮವಾರ ಅಪ್ಪನ ಜೊತೆ ನಾನೂ ಹೋಗುತ್ತೇನೆ, ರೇಟಿನ ಮಾತು ನಾನೇ ಆಡುತ್ತೇನೆ. ಕಾರ್ಡ್ ಆಗಿದೆ ಟೀಚರ್, ನಿರಾಮಯ ಆಗಿಲ್ಲ. ಬದಿಯಡ್ಕದ ಅಣ್ಣಾ, ತಟ್ಟೆ ಅಂಟಿಸಿದ ಆ ಮೇಜಿನ ಫೋಟೋ ಒಂದು ಹಾಕ್ತೀರಾ? ಗೋಡೌನಿನವರಿಗೆ ತೋರಿಸಬೇಕು.