ಹೊಸ ಅಲಾಯ್ ಹಾಕಿಸಿದ ಮೇಲೆ ಟೈರ್ ಪ್ರೆಶರ್ ದೀಪ ಮಿನುಗ್ತಿದೆ, ಹಿಂದಿನ ಎರಡು ಚಕ್ರಕ್ಕೆ ಅಂಕಿಯೇ ಬರ್ತಿಲ್ಲ

ಪ್ರಶ್ನೆ (ದಾವಣಗೆರೆ)

ಗಾಡಿ 2020ರ ಮಧ್ಯಮ ಗಾತ್ರದ ಎಸ್‌ಯುವಿ. ಮೊದಲು 16 ಇಂಚಿನ ರಿಮ್, 205/65 ಟೈರ್ ಇತ್ತು. ಈಗ 17 ಇಂಚಿನ ಅಲಾಯ್, 215/60 ಟೈರ್. ಕಂಪನಿಯಿಂದಲೇ ಬಂದ ಟಿಪಿಎಂಎಸ್ (ಟೈರಿನ ಗಾಳಿ ಒತ್ತಡದ ಮೇಲೆ ಕಣ್ಣಿಡುವ ವ್ಯವಸ್ಥೆ) ಇದೆ, ನಾಲ್ಕೂ ಚಕ್ರದ ಗಾಳಿ ಮೀಟರ್ ಪರದೆ ಮೇಲೆ ಅಂಕಿಯಲ್ಲಿ ಬರುತ್ತದೆ.

ಹಳೇ ಟೈರ್ ಬಿಚ್ಚುವಾಗ ಹಿಂದಿನ ಎಡಗಡೆ ಸೆನ್ಸರ್ ಒಡೆಯಿತು. ಹಿಂದಿನ ಬಲಗಡೆಯದ್ದರ ನಟ್ ಕಚ್ಚಿಕೊಂಡಿದ್ದರಿಂದ ವಾಲ್ವೇ ತುಂಡಾಯಿತು. ಆನ್‌ಲೈನ್‌ನಲ್ಲಿ ಎರಡು ಸೆನ್ಸರ್ ತರಿಸಿ ಹಿಂದಕ್ಕೆ ಹಾಕಿಸಿದ್ದು, ಎರಡೂ ಬೇರೆ ಬೇರೆ ಬ್ರ್ಯಾಂಡ್. ಮುಂದಕ್ಕೆ ಹಳೆಯವೇ.

ಈಗ ಕೀ ತಿರುಗಿಸಿದರೆ ಹಳದಿ ದೀಪ ಸುಮಾರು ಒಂದು ನಿಮಿಷ ಮಿನುಗಿ ಆಮೇಲೆ ಹಾಗೇ ಉರಿಯುತ್ತದೆ. ಹಿಂದಿನ ಎರಡಕ್ಕೂ ಬರೀ ಅಡ್ಡಗೆರೆ. ಮುಂದಿನ ಎಡ ಚಕ್ರದ ಗಾಳಿ ಸ್ವಲ್ಪ ಬಿಟ್ಟರೆ ಪರದೆಯಲ್ಲಿ ಬಲಗಡೆ ಅಂಕಿ ಇಳಿಯುತ್ತದೆ. ಇದು ಸಾಲದೆಂಬಂತೆ ಮುಂದಿನ ಬಲ ಚಕ್ರದಲ್ಲಿ ಎರಡು ದಿನಕ್ಕೆ 3 ಪಿಎಸ್‌ಐ ಇಳಿಯುತ್ತಿದೆ. ಅಂಗಡಿಯವರು "ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ" ಅನ್ನುತ್ತಾರೆ. 200 ಕಿ.ಮೀ. ಆಯಿತು, ಆಗಿಲ್ಲ. ಇನ್ನೆರಡು ಸೆನ್ಸರ್ ತರಿಸಲೇ?

ಉತ್ತರ (ಚಿತ್ರದುರ್ಗ)

ಸರ್, ಈಗಲೇ ಏನೂ ತರಿಸಬೇಡಿ. ನಿಮ್ಮ ಗಾಡಿಯಲ್ಲಿರುವುದು ಒಂದು ತೊಂದರೆಯಲ್ಲ, ಕನಿಷ್ಠ ಮೂರು. ಒಂದೊಂದಕ್ಕೂ ಕಾರಣ ಬೇರೆ, ಬೆರೆಸಿಕೊಂಡರೆ ದುಡ್ಡು ದಂಡ.

ಮೊದಲು ದೀಪ ಏನು ಹೇಳುತ್ತಿದೆ ನೋಡಿ. ಕೀ ಹಾಕಿದ ಕೂಡಲೇ ಮಿನುಗದೆ ನೇರವಾಗಿ ಉರಿದರೆ ಯಾವುದೋ ಟೈರಿನಲ್ಲಿ ಗಾಳಿ ಕಡಿಮೆ ಎಂದರ್ಥ. 60ರಿಂದ 90 ಸೆಕೆಂಡ್ ಮಿನುಗಿ ಆಮೇಲೆ ನಿಂತು ಉರಿದರೆ ವ್ಯವಸ್ಥೆಯಲ್ಲೇ ದೋಷ: ಯಾವುದೋ ಸೆನ್ಸರಿನ ಮಾತು ಗಾಡಿಗೆ ಕೇಳಿಸುತ್ತಿಲ್ಲ. ನಿಮ್ಮದು ಎರಡನೆಯದು. ಹಾಗಾಗಿ ಗಾಳಿ ಎಷ್ಟು ತುಂಬಿಸಿದರೂ ಈ ದೀಪ ಆರುವುದಿಲ್ಲ.

ಪ್ರತಿ ಸೆನ್ಸರಿಗೂ ತನ್ನದೇ ಒಂದು ಐಡಿ ಇರುತ್ತದೆ, ಸಾಮಾನ್ಯವಾಗಿ ಎಂಟು ಅಕ್ಷರ-ಅಂಕಿಯದ್ದು. ಸೆನ್ಸರಿನ ಸಿಗ್ನಲ್ ಹಿಡಿಯುವ ಗಾಡಿಯ ಮಾಡ್ಯೂಲ್ ತನ್ನ ಪಟ್ಟಿಯಲ್ಲಿರುವ ಐಡಿಗಳನ್ನು ಮಾತ್ರ ಕೇಳಿಸಿಕೊಳ್ಳುತ್ತದೆ, ಉಳಿದದ್ದನ್ನು ಪಕ್ಕದ ಗಾಡಿಯದ್ದೆಂದು ಬಿಟ್ಟುಬಿಡುತ್ತದೆ. ಅಂದರೆ ಹೊಸ ಸೆನ್ಸರ್ ಚೆನ್ನಾಗಿಯೇ ಇದ್ದರೂ ಪಟ್ಟಿಗೆ ಸೇರದಿದ್ದರೆ ಅಡ್ಡಗೆರೆಯೇ ಗತಿ. ಕೆಲವು ಗಾಡಿಗಳು ಓಡುವಾಗ ಹೊಸ ಐಡಿಯನ್ನು ತಾವೇ ಕಲಿಯುತ್ತವೆ, ಕೆಲವಕ್ಕೆ ನಿಂತಲ್ಲೇ ಟೂಲಿನಿಂದ ಕಲಿಸಬೇಕು, ಇನ್ನು ಕೆಲವಕ್ಕೆ ಓಬಿಡಿ ಪೋರ್ಟಿನಿಂದ (ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್ ಜೋಡಿಸುವ ಜಾಗ) ಬರೆಯಬೇಕು. ಅಂಗಡಿಯವರ ಮಾತು ಮೊದಲ ಬಗೆಗೆ ಮಾತ್ರ ಸರಿ. ಅದೂ ಸೆನ್ಸರ್ ಸರಿಯಾದ ಭಾಷೆಯಲ್ಲಿ, ಸರಿಯಾದ ಫ್ರೀಕ್ವೆನ್ಸಿಯಲ್ಲಿ ಮಾತಾಡಿದರೆ.

ಟೈರ್ ಬಿಚ್ಚುವ ಮುಂಚೆ ಟಿಪಿಎಂಎಸ್ ಟೂಲ್ ಇರುವ ಅಂಗಡಿಗೆ ಹೋಗಿ. ಬರೀ ಓಬಿಡಿ ಸ್ಕ್ಯಾನರ್ ಸಾಲದು. ನಿಂತ ಗಾಡಿಯಲ್ಲಿ ಸೆನ್ಸರ್ ನಿದ್ದೆಯಲ್ಲಿರುತ್ತದೆ, ಅದನ್ನು 125 ಕಿಲೋಹರ್ಟ್ಸ್ ಸಿಗ್ನಲ್ ಕೊಟ್ಟು ಎಬ್ಬಿಸುವ ಟೂಲ್ ಬೇಕು. ಟೂಲನ್ನು ರಿಮ್ ಮೇಲೆ ಇಡಬೇಡಿ, ಲೋಹ ಅಡ್ಡ ಬರುತ್ತದೆ. ವಾಲ್ವ್ ಪಕ್ಕದಲ್ಲಿ ಟೈರಿನ ರಬ್ಬರ್ ಗೋಡೆಗೆ ತಾಗಿಸಿ ಹಿಡಿಯಿರಿ. ನಾಲ್ಕೂ ಚಕ್ರದ್ದು ಐಡಿ, ಒತ್ತಡ, ಫ್ರೀಕ್ವೆನ್ಸಿ, ಬ್ಯಾಟರಿ ಸ್ಥಿತಿ ಬರೆದುಕೊಂಡು ಇಲ್ಲಿ ಹಾಕಿ. ಹೊಸ ಸೆನ್ಸರುಗಳ ಡಬ್ಬಿ ಇದ್ದರೆ ಅದರ ಮೇಲಿನ ಬರಹವನ್ನೂ ತಿಳಿಸಿ. ಒಡೆದುಹೋದ ಹಳೇ ಸೆನ್ಸರುಗಳನ್ನು ಎಸೆದಿಲ್ಲ ತಾನೆ? ಅವುಗಳ ಮೈಮೇಲೆ ಐಡಿ ಅಚ್ಚಾಗಿರುತ್ತದೆ, ಅದು ಬೇಕಾಗಬಹುದು.

ಉತ್ತರ (ಹರಿಹರ)

ಗಾಳಿ ಇಳಿಯೋದರ ಬಗ್ಗೆ ನಾನು ಹೇಳ್ತೀನಿ ನೋಡ್ರಿ. ಹಳೇ ಸೆನ್ಸರ್ ಬಿಚ್ಚಿ ಹೊಸ ರಿಮ್‌ಗೆ ಹಾಕುವಾಗ ವಾಲ್ವಿನ ಬುಡದ ರಬ್ಬರ್ ಗ್ರಾಮೆಟ್ ಬದಲಿಸಿದ್ರಾ? ಹತ್ತಕ್ಕೆ ಒಂಬತ್ತು ಕಡೆ ಬದಲಿಸಂಗಿಲ್ಲ. ಆ ರಬ್ಬರ್ ಹಳೇ ರಿಮ್ಮಿನ ತೂತಿಗೆ ಒತ್ತಿ ಒತ್ತಿ ಚಪ್ಪಟೆಯಾಗಿರ್ತದೆ. ಹೊಸ ತೂತಿನಾಗೆ ಮತ್ತೆ ಉಬ್ಬಿ ಕೂರಂಗಿಲ್ಲ.

ವಾಲ್ವಿನ ಸುತ್ತ ಸೋಪಿನ ನೀರು ಹಾಕಿ ಎರಡು ನಿಮಿಷ ಸುಮ್ನೆ ನೋಡ್ರಿ. ದೊಡ್ಡ ಗುಳ್ಳೆ ಬರ್ತದೆ ಅಂತ ಕಾಯಬೇಡ್ರಿ. ಎರಡು ದಿನಕ್ಕೆ 3 ಪಿಎಸ್‌ಐ ಅಂದ್ರೆ ಸಾಸಿವೆ ಕಾಳಿನಂಥ ಗುಳ್ಳೆ, ನಟ್ಟಿನ ಅಂಚಿನಾಗೆ ಒಂದರ ಪಕ್ಕ ಒಂದು ನಿಧಾನಕ್ಕೆ ಪೋಣಿಸಿದಂಗೆ ಏಳ್ತದೆ. ನಟ್ಟಿನ ಹತ್ತಿರ ಬಂದ್ರೆ ಗ್ರಾಮೆಟ್, ವಾಲ್ವಿನ ಬಾಯಾಗೆ ಬಂದ್ರೆ ಒಳಗಿನ ಪಿನ್ನು, ರಿಮ್ಮಿನ ಅಂಚಿಗೆ ಬಂದ್ರೆ ಟೈರಿನ ಬೀಡ್ (ರಿಮ್ಮಿಗೆ ಕಚ್ಚಿ ಕೂರೋ ಅಂಚು) ಸರಿ ಕೂತಿಲ್ಲ.

ಗ್ರಾಮೆಟ್ ಆದ್ರೆ ದಯವಿಟ್ಟು ನಟ್ ಇನ್ನಷ್ಟು ಬಿಗಿ ಮಾಡಿಸಬೇಡ್ರಿ. ವಾಲ್ವ್ ಅಲ್ಯೂಮಿನಿಯಂದು, ರಬ್ಬರ್ ಹಿಂಡಿ ಹರಿದು ಆಮೇಲೆ ವಾಲ್ವೇ ಬಿರುಕು ಬಿಡ್ತದೆ. ಸರ್ವಿಸ್ ಕಿಟ್ ಅಂತ ಸಿಗ್ತದೆ: ಗ್ರಾಮೆಟ್, ವಾಷರ್, ನಟ್, ಪಿನ್, ಕ್ಯಾಪ್. ಟೈರ್ ಒಂದು ಬದಿ ಇಳಿಸಿ ಅಷ್ಟನ್ನೂ ಹೊಸದು ಹಾಕಿಸ್ರಿ. ನಟ್ ಬಿಗಿ ಸಾಮಾನ್ಯವಾಗಿ 4ರಿಂದ 8 ನ್ಯೂಟನ್ ಮೀಟರ್ ನಡುವೆ, ನಿಮ್ಮ ಸೆನ್ಸರಿನ ಕಂಪನಿ ಹೇಳಿದ್ದೇ ಅಂತಿಮ. ಸಣ್ಣ ಟಾರ್ಕ್ ವ್ರೆಂಚ್ ಬೇಕೇ ಬೇಕು, ಗಾಳಿ ಗನ್ನು ಆ ಕಡೆ ಸುಳಿಯಬಾರದು.

ಹಾಕೋ ಮುಂಚೆ ಹೊಸ ಅಲಾಯ್‌ನ ವಾಲ್ವ್ ತೂತಿನ ಒಳಗಡೆ ಬೆರಳು ಆಡಿಸಿ ನೋಡ್ರಿ. ಪೌಡರ್ ಕೋಟಿಂಗ್ ಗಂಟುಗಂಟಾಗಿ ನಿಂತಿದ್ರೆ ಅದರ ಮೇಲೆ ಎಂಥ ಗ್ರಾಮೆಟ್ಟೂ ಕೂರಂಗಿಲ್ಲ. ತೂತು ಸುಮಾರು 11.5 ಮಿ.ಮೀ. ಇರಬೇಕು. ಸೆನ್ಸರಿನ ಮೈ ರಿಮ್ಮಿನ ನಡುವಿನ ತಗ್ಗಿಗೆ ತಾಗ್ತಿದೆಯಾ ಅಂತಲೂ ನೋಡ್ರಿ. ಹೊರಗಿನ ಅಲಾಯ್‌ಗಳಲ್ಲಿ ಆ ತಗ್ಗಿನ ಆಕಾರ ಬೇರೆ ಇರ್ತದೆ, ತಾಗಿದ್ರೆ ಟೈರ್ ಏರಿಸುವಾಗಲೇ ಚಟ್ ಅಂತ ಮುರಿತದೆ.

ಇನ್ನೊಂದು ಮಾತು. ಹಿಂದಿನ ಬಲಗಡೆ ನಟ್ ಕಚ್ಚಿಕೊಂಡಿತ್ತು ಅಂದ್ರಲ್ಲ, ಅದಕ್ಕೆ ಹಿತ್ತಾಳೆ ಪಿನ್ನೋ, ಚಂದಕ್ಕೆ ಹಾಕೋ ಲೋಹದ ಕ್ಯಾಪೋ ಕಾರಣ ಇರಬಹುದು. ಅಲ್ಯೂಮಿನಿಯಂ ಜೊತೆ ಬೇರೆ ಲೋಹ ಸೇರಿ ನೀರು ತಾಗಿದ್ರೆ ಬಿಳಿ ಬೂಸಲು ಕಟ್ಟಿ ಹಿಡ್ಕೊಂಡುಬಿಡ್ತದೆ. ನಿಕ್ಕಲ್ ಲೇಪದ ಪಿನ್, ಪ್ಲಾಸ್ಟಿಕ್ ಕ್ಯಾಪ್, ಅಷ್ಟೇ ಸಾಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಟೂಲ್ ಹಿಡಿಸಿದ್ದಾಯಿತು.

ಮುಂದಿನ ಎಡ: 433 ಮೆಗಾಹರ್ಟ್ಸ್, 33 ಪಿಎಸ್‌ಐ, ಬ್ಯಾಟರಿ ಸರಿ.
ಮುಂದಿನ ಬಲ: 433, 30 ಪಿಎಸ್‌ಐ, ಬ್ಯಾಟರಿ ಸರಿ. ನಟ್ಟಿನ ಅಂಚಿನಲ್ಲೇ ಗುಳ್ಳೆ, ಹೇಳಿದ ಹಾಗೇ ಸಾಸಿವೆಯಷ್ಟು. ಗ್ರಾಮೆಟ್ ಹಳೆಯದೇ ಹಾಕಿದ್ದಾರಂತೆ.
ಹಿಂದಿನ ಎಡ: 433ರಲ್ಲಿ ಉತ್ತರ ಇಲ್ಲ. 315ಕ್ಕೆ ಬದಲಿಸಿದಾಗ ಐಡಿ, ಒತ್ತಡ ಎರಡೂ ಬಂತು.
ಹಿಂದಿನ ಬಲ: ಯಾವುದರಲ್ಲೂ ಉತ್ತರ ಇಲ್ಲ. ಡಬ್ಬಿ ಮೇಲೆ "ಯೂನಿವರ್ಸಲ್, ಪ್ರೋಗ್ರಾಂ ಮಾಡಿ ಬಳಸಬೇಕು" ಎಂದಿದೆ.

ಹಳೇ ಸೆನ್ಸರ್ ಎರಡೂ ಡಿಕ್ಕಿಯಲ್ಲೇ ಇವೆ. ಮೈಮೇಲಿನ ಐಡಿ ಓದಬಹುದು.

ಉತ್ತರ (ಚಿತ್ರದುರ್ಗ)

ಎಲ್ಲಾ ಬಯಲಾಯಿತು.

ಹಿಂದಿನ ಎಡದ್ದು ಅಮೆರಿಕದ ಮಾರುಕಟ್ಟೆಗೆ ಮಾಡಿದ ಸೆನ್ಸರ್. ಅಲ್ಲಿ 315 ಹೆಚ್ಚು ಬಳಕೆ, ಭಾರತದಲ್ಲೂ ಯುರೋಪಿನಲ್ಲೂ 433.92. ನಿಮ್ಮ ಗಾಡಿಯ ರಿಸೀವರ್ ಆ ಕಡೆ ಕಿವಿಯನ್ನೇ ಕೊಡುವುದಿಲ್ಲ. ಎರಡೂ ಫ್ರೀಕ್ವೆನ್ಸಿಯ ಯೂನಿವರ್ಸಲ್ ಆಗಿದ್ದರೆ ಬದಲಿಸಬಹುದಿತ್ತು. ಒಂದೇ ಫ್ರೀಕ್ವೆನ್ಸಿಯದ್ದಾದರೆ ಯಾವ ಟೂಲಿನಿಂದಲೂ ಆಗದು, ವಾಪಸ್ ಕಳಿಸಿ. ಗಾಡಿಯ ಮಾಡೆಲ್ ಹೆಸರು ಒಂದೇ ಇದ್ದರೂ ದೇಶದಿಂದ ದೇಶಕ್ಕೆ ಇದು ಬದಲಾಗುತ್ತದೆ, ಆದ್ದರಿಂದ ತರಿಸುವಾಗ ಹಳೇ ಸೆನ್ಸರಿನ ಪಾರ್ಟ್ ನಂಬರ್ ಮತ್ತು ಫ್ರೀಕ್ವೆನ್ಸಿ ಎರಡನ್ನೂ ಹೊಂದಿಸಿ ನೋಡಬೇಕು.

ಹಿಂದಿನ ಬಲದ್ದು ಕೆಟ್ಟಿಲ್ಲ, ಖಾಲಿ ಇದೆ. ಯೂನಿವರ್ಸಲ್ ಸೆನ್ಸರ್ ಖಾಲಿ ಹಲಗೆ ಇದ್ದ ಹಾಗೆ. ಯಾವ ಗಾಡಿಯ ಭಾಷೆಯಲ್ಲಿ ಮಾತಾಡಬೇಕೆಂದು ಬರೆಯುವವರೆಗೆ ಎಷ್ಟೋ ಸಲ ಅದರದೇ ಬ್ರ್ಯಾಂಡಿನ ಟೂಲಿಗೆ ಬಿಟ್ಟು ಬೇರೆಯವಕ್ಕೆ ಉತ್ತರ ಕೊಡುವುದಿಲ್ಲ. ಆ ಬ್ರ್ಯಾಂಡಿನ ಟೂಲಿನಲ್ಲಿ ಗಾಡಿಯ ಕಂಪನಿ, ಮಾಡೆಲ್, ವರ್ಷ ಆರಿಸಿ ಪ್ರೋಗ್ರಾಂ ಮಾಡಬೇಕು. ಸಾಮಾನ್ಯವಾಗಿ ಟೈರ್ ಬಿಚ್ಚಬೇಕಿಲ್ಲ, ಹೊರಗಿನಿಂದಲೇ ಆಗುತ್ತದೆ. ಆಗ ಉಳಿದ ಮೂರು ಚಕ್ರ ಒಂದೆರಡು ಮೀಟರ್ ದೂರ ಇದ್ದರೆ ಒಳ್ಳೆಯದು, ತಪ್ಪಿ ಬೇರೆಯದು ಎದ್ದು ಕೂರಬಾರದು.

ಇಲ್ಲೇ ನಿಮ್ಮ ಹಳೇ ಸೆನ್ಸರ್ ಕೆಲಸಕ್ಕೆ ಬರುವುದು. ಪ್ರೋಗ್ರಾಂ ಮಾಡುವಾಗ "ಹೊಸ ಐಡಿ ರಚಿಸು" ಬದಲು "ಐಡಿ ನಕಲು" ಆರಿಸಿ, ಹಳೆಯದರ ಮೈಮೇಲಿನ ಐಡಿಯನ್ನು ಟೈಪ್ ಮಾಡಿಸಿ. ಹೊಸ ಸೆನ್ಸರ್ ಹಳೆಯದರ ಹೆಸರಿನಲ್ಲೇ ಮಾತಾಡುತ್ತದೆ, ಗಾಡಿಗೆ ಕಲಿಸುವ ಪ್ರಮೇಯವೇ ಬರುವುದಿಲ್ಲ. ಹಿಂದಿನ ಎಡಕ್ಕೆ ಬರುವ ಹೊಸ ಸೆನ್ಸರಿಗೂ ಹೀಗೇ ಮಾಡಿಸಿ. ಕೆಲವು ಸೆನ್ಸರಿನ ಮೇಲೆ ಐಡಿ ದಶಮಾಂಶದಲ್ಲಿ ಇರುತ್ತದೆ, ಟೂಲ್ ಹೆಕ್ಸ್ (0–9 ಜೊತೆ A–F ಬಳಸುವ ಬರಹ) ಕೇಳುತ್ತದೆ. ಟೂಲಿನಲ್ಲಿ ಆ ಆಯ್ಕೆ ಬದಲಿಸಿಕೊಂಡು ಹಾಕಿ. ಒಂದು ಅಕ್ಷರ ತಪ್ಪಿದರೂ ಮತ್ತೆ ಅಡ್ಡಗೆರೆ.

ಮುಂದಿನ ಎಡ-ಬಲ ಅದಲುಬದಲು ಆಗಿದ್ದು ಸೆನ್ಸರಿನ ತಪ್ಪಲ್ಲ. ಎಡದ ರಿಮ್ಮಿಗೆ ಬಲದ ಸೆನ್ಸರ್ ಹೋಗಿದೆ ಅಷ್ಟೆ. ಜಾಗವನ್ನು ತಾನೇ ಗುರುತಿಸುವ ಗಾಡಿಯಾದರೆ 200 ಕಿ.ಮೀ.ಗೆ ಸರಿಯಾಗಬೇಕಿತ್ತು, ಆಗಿಲ್ಲ. ಸುಲಭದ ದಾರಿ: ಗ್ರಾಮೆಟ್‌ಗೆ ಹೇಗೂ ಚಕ್ರ ಬಿಚ್ಚುತ್ತೀರಿ, ಮುಂದಿನ ಎರಡನ್ನು ಪರಸ್ಪರ ಬದಲಿಸಿ ಹಾಕಿಸಿ. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಮಾತ್ರ ಹಾಗೆ ಮಾಡಬೇಡಿ, ಓಬಿಡಿಯಿಂದ ಜಾಗ ಬರೆಸಿ.

ಇದೆಲ್ಲ ಆದ ಮೇಲೆ 20 ನಿಮಿಷ ಗಾಡಿ ನಿಲ್ಲಿಸಿಡಿ. ಆಮೇಲೆ ಊರೊಳಗೆ ಸುತ್ತಬೇಡಿ. ಪಿ.ಬಿ. ರಸ್ತೆಯ ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋದರೆ ಸೆನ್ಸರ್ ಸರಿಯಾಗಿ ಏಳುವುದಿಲ್ಲ, ಅದಕ್ಕೆ ಸಾಮಾನ್ಯವಾಗಿ ಗಂಟೆಗೆ 25–30 ಕಿ.ಮೀ. ಮೇಲಿನ ಓಟ ಬೇಕು. ಹೆದ್ದಾರಿ 48 ಹಿಡಿದು ಆನಗೋಡು ದಾಟಿ ಭರಮಸಾಗರದ ಕಡೆ ಒಂದೇ ಸಮ 60–80ರಲ್ಲಿ 20 ನಿಮಿಷ ಓಡಿಸಿ.

ಮಧ್ಯೆ ಒಂದು ಪ್ರಶ್ನೆ (ದಾವಣಗೆರೆ)

ನನ್ನ ಗಾಡಿಯಲ್ಲಿ ಅಂಕಿ ಬರುವುದಿಲ್ಲ, ದೀಪ ಮಾತ್ರ. ಮೆನುವಿನಲ್ಲಿ "ಕ್ಯಾಲಿಬ್ರೇಟ್" ಅಂತ ಇದೆ. ಟೈರ್ ಬದಲಿಸಿದರೆ ಇದೇ ಕಥೆಯಾ ಅಣ್ಣ?

ಉತ್ತರ (ಹರಿಹರ)

ಅಲ್ಲ ತಮ್ಮ. ನಿನ್ನ ಗಾಡಿ ಚಕ್ರದೊಳಗೆ ಬಹುಶಃ ಸೆನ್ಸರೇ ಇಲ್ಲ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂಗೆ ತಡೆಯೋ ಎಬಿಎಸ್‌ನ ಸೆನ್ಸರುಗಳು ಚಕ್ರದ ವೇಗ ಅಳಿತಾವೆ, ಗಾಳಿ ಕಡಿಮೆಯಾದ ಟೈರ್ ಸುತ್ತಳತೆ ಕುಗ್ಗಿ ಉಳಿದವಕ್ಕಿಂತ ಜೋರಾಗಿ ತಿರುಗ್ತದೆ, ಅದರಿಂದ ಲೆಕ್ಕ ಹಾಕ್ತದೆ. ತಣ್ಣಗಿರುವಾಗ ನಾಲ್ಕಕ್ಕೂ ಬಾಗಿಲ ಹತ್ತಿರ ಅಂಟಿಸಿರೋ ಗಾಳಿ ಒತ್ತಡದ ಪಟ್ಟಿ ಪ್ರಕಾರ ಗಾಳಿ ತುಂಬಿಸು, ಆಮೇಲೆ ಕ್ಯಾಲಿಬ್ರೇಟ್ ಒತ್ತು. ಕಡಿಮೆ ಗಾಳಿಯಾಗೆ ಒತ್ತಿದ್ರೆ ಅದನ್ನೇ ಸರಿ ಅಂತ ನಂಬಿಬಿಡ್ತದೆ, ಅದು ಅಪಾಯ. ಎರಡು ಹೊಸ ಟೈರ್, ಎರಡು ಸವೆದ ಟೈರ್ ಇದ್ರೂ ಮರೆಯದೆ ಒತ್ತಬೇಕು.

ಪ್ರಶ್ನೆ ಕೇಳಿದವರು

ಆಯಿತು ಸರ್. ಗ್ರಾಮೆಟ್ ಕಿಟ್ ಮುಂದಿನ ಎರಡಕ್ಕೂ ಹಾಕಿಸಿದೆ, ಮೂರು ದಿನದಿಂದ ಗಾಳಿ ನಿಂತಿದೆ. ಹಿಂದಿನ ಎರಡಕ್ಕೂ ಐಡಿ ನಕಲು ಮಾಡಿಸಿದೆ. ಆನಗೋಡು ತಲುಪುವ ಮುಂಚೆಯೇ ದೀಪ ಆರಿತು, ನಾಲ್ಕೂ ಅಂಕಿ ಬಂತು, ಜಾಗವೂ ಸರಿ. ಒಂದೇ ಅನುಮಾನ: ಒಳ್ಳೆಯ ಗೇಜಿನಲ್ಲಿ ನಾಲ್ಕೂ 33 ಇದೆ, ಪರದೆ ಎಲ್ಲಕ್ಕೂ 32 ಅನ್ನುತ್ತದೆ.

ಉತ್ತರ (ಚಿತ್ರದುರ್ಗ)

ನಾಲ್ಕಕ್ಕೂ ಒಂದೇ ಸಮ 1 ಕಡಿಮೆ ಇದ್ದರೆ ನಮ್ಮ ಊರುಗಳ ಎತ್ತರ ಕಾರಣವಿರಬಹುದು. ಟೈರಿನೊಳಗೆ ಕೂತ ಸೆನ್ಸರಿಗೆ ಹೊರಗಿನ ಗಾಳಿಯ ಒತ್ತಡ ಗೊತ್ತಾಗುವುದಿಲ್ಲ, ಅದು ಅಳೆಯುವುದು ಒಟ್ಟು ಒತ್ತಡ. ಅದರಲ್ಲಿ ಸಮುದ್ರಮಟ್ಟದ ವಾಯುಭಾರ 101 ಕಿಲೋಪ್ಯಾಸ್ಕಲ್ ಕಳೆದು ಪರದೆಗೆ ಹಾಕುವ ಗಾಡಿಗಳಿವೆ. ದಾವಣಗೆರೆ ಸುಮಾರು 600 ಮೀಟರ್ ಎತ್ತರ, ಅಲ್ಲಿ ವಾಯುಭಾರ ಸುಮಾರು 94. ಹೆಚ್ಚಾಗಿ ಕಳೆದ ಆ 7 ಕಿಲೋಪ್ಯಾಸ್ಕಲ್ಲೇ ನಿಮ್ಮ 1 ಪಿಎಸ್‌ಐ. ಚಿತ್ರದುರ್ಗಕ್ಕೆ ಬಂದರೆ ಇನ್ನೂ ಚೂರು ಹೆಚ್ಚು. ಗಾಳಿಯನ್ನು ಗೇಜ್ ನೋಡಿಯೇ ತುಂಬಿಸಿ, ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ. ಸುಮಾರು 5–6 ಡಿಗ್ರಿ ಬಿಸಿಗೆ 1 ಪಿಎಸ್‌ಐ ಏರುತ್ತದೆ, ಏಪ್ರಿಲ್ ಮಧ್ಯಾಹ್ನ ಹೆದ್ದಾರಿಯಲ್ಲಿ ಪರದೆ 37–38 ತೋರಿಸಿದರೆ ಹೆದರಿ ಗಾಳಿ ಬಿಡಬೇಡಿ.

ಮುಂದಿನ ಎರಡು ಸೆನ್ಸರ್ 2020ರವು. ಬ್ಯಾಟರಿ ಆಯಸ್ಸು 5ರಿಂದ 10 ವರ್ಷ, ಮೈಯನ್ನೇ ಅಂಟಿನಿಂದ ಮುಚ್ಚಿರುವುದರಿಂದ ಸೆಲ್ ಬದಲಿಸಲು ಬರುವುದಿಲ್ಲ. ಅವುಗಳ ಐಡಿಯನ್ನೂ ಈಗಲೇ ಚೀಟಿಯಲ್ಲಿ ಬರೆದು ಆರ್‌ಸಿ ಜೊತೆ ಇಡಿ, ಸೆನ್ಸರ್ ಸತ್ತ ಮೇಲೆ ಟೂಲ್ ಅದನ್ನು ಓದಲಾರದು. ಪಂಕ್ಚರ್ ಆದರೆ ಟೈರಿಗೆ ದ್ರವದ ಸೀಲಂಟ್ ಹಾಕಿಸಬೇಡಿ, ಸೆನ್ಸರಿನ ಸೂಜಿತೂತು ಮುಚ್ಚಿಹೋಗಬಹುದು. ಅಲಾಯ್ ಹೊಸದಾದ್ದರಿಂದ 50–100 ಕಿ.ಮೀ. ಓಡಿದ ಮೇಲೆ ಚಕ್ರದ ನಟ್‌ಗಳನ್ನು ಮ್ಯಾನುವಲ್ ಹೇಳಿದ ಟಾರ್ಕಿಗೆ ಇನ್ನೊಮ್ಮೆ ನೋಡಿಸಿ.