ಪೋಷಕರಿಗೆ ನಂಬರ್ ಕೊಟ್ಟೋರು, ಕೊಡದೇ ಇದ್ದೋರು: ನಿಮ್ಮ ಅನುಭವ ಹೇಳಿ

ಮೊದಲ ಸಲ ಕ್ಲಾಸ್ ಟೀಚರ್:
ಕೆಲಸಕ್ಕೆ ಸೇರಿ ನಾಲ್ಕನೇ ವರ್ಷ. ಬರೋ ವಾರ ಪೋಷಕರ ಸಭೆ. ಹಿಂದಿನ ಕ್ಲಾಸ್ ಟೀಚರ್ ಎಲ್ಲರಿಗೂ ಸ್ವಂತ ನಂಬರ್ ಕೊಟ್ಟಿದ್ರಂತೆ, ನನ್ನದನ್ನೂ ಕೇಳ್ತಾರೆ. ಮನೇಲಿ ಒಂದೂವರೆ ವರ್ಷದ ಮಗು. ಶಾಲೆಯಿಂದ ಬಂದ ಮೇಲೂ ನೀನು ಟೀಚರ್ ಆಗೇ ಇರ್ತೀಯ ಅಂತ ಈಗಲೇ ನಮ್ಮ ಮನೆಯವರ ದೂರು. ಕೊಡಲಾ, ಬೇಡವಾ?

ಲೆಕ್ಕದ ಟೀಚರ್:
ಕೊಡಬೇಡಿ. ಕೊಟ್ಟು ಅನುಭವಿಸಿದವಳು ನಾನು. ಆ ವರ್ಷ ಮೂರು ತರಗತಿಗೆ ಗಣಿತ, ತಲಾ 46 ಮಕ್ಕಳು. ಒಂದು ಪರೀಕ್ಷೆ ಅಂದ್ರೆ 138 ಪೇಪರ್. ನಡುವಿನ ಹಂತಗಳಿಗೂ ಅಂಕ ಹಾಕಬೇಕಲ್ಲ, ಎಷ್ಟು ಬೇಗ ಅಂದ್ರೂ ಒಂದಕ್ಕೆ 8 ನಿಮಿಷ. 1,104 ನಿಮಿಷ ಆಯ್ತು, 18 ಗಂಟೆಗೂ ಮೇಲೆ. ಕೂಡಿದ್ದು ಸರಿಯಿದೆಯಾ ಅಂತ ಇನ್ನೊಂದು ಸಲ ನೋಡೋದು ಬೇರೆ. ವರ್ಷಕ್ಕೆ ಆರು ಪರೀಕ್ಷೆ, ತಿದ್ದೋದೆಲ್ಲ ಮನೇಲಿ, ರಾತ್ರಿ. ಅದರ ಮಧ್ಯೆ ಫೋನು, "ಮಿಸ್, ಅರ್ಧ ಅಂಕ ಯಾಕೆ ಕಳೆದ್ರಿ?"

ಮಗಳೂ ಆಗ ನನ್ನ ಕ್ಲಾಸಲ್ಲೇ ಇದ್ದಳು. ಕ್ಲಾಸಲ್ಲಿ ಅಮ್ಮ ಅನ್ನಬೇಡ, ಕೈ ಎತ್ತಿ ಕೇಳು ಅಂತ ನಾನೇ ಕಲಿಸಿದ್ದೆ. ಒಂದು ರಾತ್ರಿ ತಿದ್ದುತ್ತಾ ಕೂತಿದ್ದೆ. ಬಾಗಿಲ ಹತ್ತಿರ ಬಂದು ನಿಂತು ಕೈ ಎತ್ತಿದಳು. ನಾನು ಆ ಪುಟ ಮುಗಿಸಿ ತಲೆ ಎತ್ತೋವರೆಗೂ ಇಳಿಸಲಿಲ್ಲ. ಮೈ ಕೆಂಡದ ಹಾಗೆ ಸುಡ್ತಿತ್ತು. ಹನ್ನೊಂದು ವರ್ಷ ಆಯ್ತು, ಆ ಕೈ ಕಣ್ಣ ಮುಂದಿನಿಂದ ಹೋಗಿಲ್ಲ.

ಭಾಷಾ ಮೇಷ್ಟ್ರು:
26 ವರ್ಷದಿಂದ ನನ್ನ ನಂಬರ್ ಬೋರ್ಡಿನ ಮೂಲೆಯಲ್ಲಿ ಬರೀತಾ ಬಂದಿದೀನಿ. ಒಂದು ರಾತ್ರಿ 11:40ಕ್ಕೆ ಒಬ್ಬ ಹುಡುಗ ಫೋನ್ ಮಾಡಿದ. "ಸರ್, ಮನೆ ಬಿಟ್ಟು ಬಂದಿದೀನಿ." ಎಲ್ಲಿದೀಯ ಅಂದ್ರೆ ಅಳು ಬಿಟ್ಟು ಮಾತಿಲ್ಲ. ಹುಡುಕಿ ಕರಕೊಂಡು ಹೋಗಿ ಮನೆ ಮುಟ್ಟಿಸೋ ಹೊತ್ತಿಗೆ ಮೂರು ಗಂಟೆ. ನಂಬರ್ ಇಲ್ಲದಿದ್ದರೆ ಅವನು ಯಾರಿಗೆ ಮಾಡ್ತಿದ್ದ? ಇದು ಗಂಟೆ ಹೊಡೆದ ಕೂಡಲೇ ಮುಗಿಯೋ ನೌಕರಿ ಅಲ್ಲ, ಸೇವೆ. ಮೇಲಿನ ಮೇಡಂ ಮಗಳನ್ನ ತಮ್ಮ ಕ್ಲಾಸಲ್ಲೇ ಕೂರಿಸಿಕೊಂಡಿದ್ದು ತಪ್ಪು. ಅದಕ್ಕೆ ಫೋನನ್ನ ದೂರಿದ್ರೆ ಹೇಗೆ?

ಲೆಕ್ಕದ ಟೀಚರ್:
ಶಾಲೇಲಿ ಬೇರೆ ಗಣಿತ ಟೀಚರ್ ಇರಲಿಲ್ಲ ಸರ್. ಒಂದು ಕೇಳ್ತೀನಿ. ಬೆಳಗಿನ ಜಾವ ಮೂರರವರೆಗೆ ನೀವು ಹೊರಗಿದ್ದಾಗ ನಿಮ್ಮ ಮಕ್ಕಳ ಹತ್ತಿರ ಯಾರಿದ್ರು? ಅವರ ವಿಷಯ ಒಂದು ಸಾಲೂ ಬರೆದಿಲ್ಲವಲ್ಲ. ಸೇವೆ ನಿಮ್ಮ ಹೆಸರಿಗೆ, ನಿದ್ದೆಗೆಟ್ಟವರು ಇನ್ಯಾರೋ.

ಎರಡು ಸಿಮ್:
ನಾನು ಶಾಲೆಗೆ ಅಂತಲೇ ಬೇರೆ ಸಿಮ್ ಇಟ್ಟು, ಸಂಜೆ ಏಳಕ್ಕೆ ಆಫ್ ಮಾಡ್ತೀನಿ. ಐದು ವರ್ಷ ಆಯ್ತು. ಮೊದಲ ತಿಂಗಳೇ ಮೂರು ದೂರು ಹೋಯ್ತು. ಎರಡನೇ ವರ್ಷ ಕ್ಲಾಸ್ ಟೀಚರ್ ಜವಾಬ್ದಾರಿ ಕಿತ್ತುಕೊಂಡ್ರು. ಸ್ಟಾಫ್ ರೂಮಲ್ಲಿ ಇವರಿಗೆ ಮಕ್ಕಳ ಮೇಲೆ ಕಾಳಜಿ ಇಲ್ಲ ಅಂದ್ರು, ಅದು ಇವತ್ತಿಗೂ ನೋಯುತ್ತೆ. ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳೋ ಹಕ್ಕು ಫ್ರಾನ್ಸಿನಲ್ಲಿ 2017ರಿಂದ ಕಾನೂನಲ್ಲೇ ಇದೆ. ನಾವು ಅದನ್ನೇ ಕೇಳಿದ್ರೆ ಅಪರಾಧನಾ?

ವಿಜ್ಞಾನ ಮೇಷ್ಟ್ರು:
ಆ ಕಾನೂನು ಕಂಪನಿ ಮತ್ತು ನೌಕರರ ನಡುವಿನ ಮಾತುಕತೆಯದು. ಪೋಷಕರ ಮೆಸೇಜಿಗೆ ಅದನ್ನ ತಂದು ಅಂಟಿಸಬೇಡಿ. ಹೊರಗಿನವರ ಕರೆಯೂ ಸೇರೋದು ಆಸ್ಟ್ರೇಲಿಯಾದ 2024ರ ಕಾನೂನಲ್ಲಿ. ಅಲ್ಲೂ ಉತ್ತರಿಸದೇ ಇರೋದು ಅಸಮಂಜಸ ಅನ್ನೋ ಹಾಗಿರಬಾರದು.

ಫೋನಿಗಿಂತ ಮೊದಲು ಗಂಟಲು ನೋಡಿಕೊಳ್ಳಿ. ಗದ್ದಲದಲ್ಲಿ ನಮಗೇ ತಿಳಿಯದ ಹಾಗೆ ದನಿ ಏರುತ್ತೆ, ಅದನ್ನ ಲೊಂಬಾರ್ಡ್ ಅನ್ನೋ ಫ್ರೆಂಚ್ ವೈದ್ಯ 1911ರಲ್ಲೇ ಬರೆದಿಟ್ಟಿದ್ದಾನೆ. ನಾನು ಹದಿನಾಲ್ಕು ವರ್ಷ ಹಾಗೆ ಕೂಗಿದೆ. ಧ್ವನಿತಂತುಗಳ ಮೇಲೆ ಗಂಟು ಬಂತು. ಸ್ಪೀಚ್ ಥೆರಪಿಗೆ ಹನ್ನೆರಡು ಸಲ ಹೋದೆ, ಅದರಲ್ಲಿ ಐದು ಸಲ ಸಂಬಳ ಕಡಿತದ ರಜೆ. ನಮ್ಮ ತಾಯಿಗೆ ಕಿವಿ ಮಂದ. ನನಗೆ ದನಿ ಇಲ್ಲ. ಸಂಜೆ ಮನೇಲಿ ಅವರ ಜೊತೆ ಕಾಗದದ ಮೇಲೆ ಬರೆದು ಮಾತಾಡ್ತಿದ್ದೆ. ಅಕ್ಷರ ದಪ್ಪ ಬರಿಯಪ್ಪಾ, ಕಾಣಲ್ಲ ಅನ್ನೋರು. ದಿನಕ್ಕೆ ಆರು ಪಿರಿಯಡ್ ಊರ ಮಕ್ಕಳಿಗೆ ಕೊಟ್ಟ ದನಿ ಹೆತ್ತವಳಿಗೆ ಉಳಿದಿರಲಿಲ್ಲ. ಈಗ ಕ್ಲಾಸಲ್ಲಿ ಮೈಕ್ ಹಾಕ್ತೀನಿ.

ಭಾಷಾ ಮೇಷ್ಟ್ರು:
ಮೈಕಿನಲ್ಲಿ ಪದ್ಯ ಹೇಳಿದ್ರೆ ಮಕ್ಕಳ ಮನಸ್ಸಿಗೆ ಇಳಿಯಲ್ಲ. ನಾನಂತೂ ಒಂದು ದಿನ ಹಾಕಿಲ್ಲ.

ವಿಜ್ಞಾನ ಮೇಷ್ಟ್ರು:
ಗಂಟು ಬಾರದವರು ಹೇಳೋ ಮಾತದು. ಕೊನೆ ಬೆಂಚಿನ ಮಗುವಿಗೆ ಕೇಳಿಸದ ಪದ್ಯ ಯಾವ ಮನಸ್ಸಿಗೆ ಇಳಿಯುತ್ತೆ?

ಎರಡು ಸಿಮ್:
ಮೈಕ್ ವಿಷಯಕ್ಕೆ ಬೇರೆ ಕಡೆ ಜಗಳ ಆಡಿ. ಕಾಳಜಿ ಇಲ್ಲ ಅಂತ ನನ್ನನ್ನ ಅಂದೋರು ಥೇಟ್ ಈ ಭಾಷಾ ಮೇಷ್ಟ್ರ ಹಾಗೇ ಮಾತಾಡ್ತಿದ್ರು.

ಭಾಷಾ ಮೇಷ್ಟ್ರು:
ನಿಮ್ಮನ್ನ ನಾನು ಏನೂ ಅಂದಿಲ್ಲ. ಲೆಕ್ಕದ ಮೇಡಂ ಕೇಳಿದ್ದಕ್ಕೆ ಉತ್ತರ ಕೊಡ್ತೀನಿ. ಆ ರಾತ್ರಿ ಮಕ್ಕಳ ಹತ್ತಿರ ಇದ್ದಿದ್ದು ನನ್ನ ಹೆಂಡತಿ. ಅವಳೂ ಟೀಚರ್. ಅವಳ ಮುಂದೂ ತಿದ್ದೋ ಪೇಪರಿನ ಕಟ್ಟಿತ್ತು, ನಾನು ಬಂದಾಗ ದೀಪ ಉರೀತಿತ್ತು. ಅದನ್ನ ಮೊದಲೇ ಬರೀಬೇಕಿತ್ತು, ಬರೀಲಿಲ್ಲ. ಆದ್ರೆ ನಂಬರ್ ಕೊಡಿ ಅಂದ ಮಾತು ಹಿಂದಕ್ಕೆ ತಗೊಳ್ಳಲ್ಲ.