ಗ್ರಿಡ್ ಕುಸಿತವನ್ನು ಯಾವ ಮಾದರಿಯಿಂದ ಹಿಡಿಯೋದು?

(ಕರೆಂಟ್ ಸಾಗಿಸುವ ಗ್ರಿಡ್ ಹೇಗೆ ಕುಸಿಯುತ್ತದೆ ಎಂದು ಲೆಕ್ಕಹಾಕುವ ಬಗ್ಗೆ ನಾಲ್ವರ ಮಾತುಕತೆ. ಹೆಸರುಗಳು ಅವರವರ ಅಡ್ಡಹೆಸರು.)

ಜಾಲಗಣಿತ: ಒಂದು ಲೈನ್ ಬಿದ್ದರೆ ಇನ್ನೊಂದು, ಆಮೇಲೆ ಮತ್ತೊಂದು, ಕೊನೆಗೆ ಇಡೀ ಗ್ರಿಡ್ ಕತ್ತಲು. ಇದಕ್ಕೆ ಸಂಶೋಧಕರಾದ ಆಡಿಲ್ಸನ್ ಮೊಟರ್ ಮತ್ತು ಯಿಂಗ್-ಚೆಂಗ್ ಲೈ 2002ರಲ್ಲಿ ಕೊಟ್ಟ ಮಾದರಿ ನನಗೆ ತುಂಬಾ ಇಷ್ಟ. ಸಬ್‌ಸ್ಟೇಷನ್ ಒಂದು ಚುಕ್ಕೆ, ಲೈನ್ ಒಂದು ಗೆರೆ. ಮಾಮೂಲಿ ಹೊರೆಗಿಂತ ಸ್ವಲ್ಪ ಜಾಸ್ತಿ ಹೊರುವ ಶಕ್ತಿಯನ್ನು ಪ್ರತಿ ಚುಕ್ಕೆಗೂ ಕೊಡುತ್ತಾರೆ. ದೊಡ್ಡ ಚುಕ್ಕೆಯೊಂದನ್ನು ಅಳಿಸಿದರೆ ಹೊರೆ ಬೇರೆ ದಾರಿ ಹಿಡಿಯುತ್ತದೆ, ಮಿತಿ ಮೀರಿದವು ಬೀಳುತ್ತವೆ. ಇಷ್ಟು ಸಾಲದಾ?

ಲೋಡ್‌ಫ್ಲೋ: ಸಾಲದು. ಅಲ್ಲಿ ಹೊರೆ ಹತ್ತಿರದ ದಾರಿಯಲ್ಲಿ ಮಾತ್ರ ಸಾಗುತ್ತದೆ. ಕರೆಂಟ್ ಹಾಗಲ್ಲ, ಇರುವ ಎಲ್ಲ ದಾರಿಯಲ್ಲೂ ಹಂಚಿಕೊಂಡು ಹರಿಯುತ್ತದೆ. ಎರಡು ಪ್ಯಾರಲಲ್ ಲೈನ್ ಸೇರಿ 600 ಮೆಗಾವ್ಯಾಟ್ ಹೊರುತ್ತಿವೆ ಅಂದುಕೊಳ್ಳಿ. ಒಂದರ ರಿಯಾಕ್ಟೆನ್ಸ್ (ಎಸಿ ಕರೆಂಟಿಗೆ ಲೈನ್ ಒಡ್ಡುವ ತಡೆ) ಇನ್ನೊಂದರ ಅರ್ಧ ಇದ್ದರೆ ಅದರಲ್ಲಿ 400, ಇನ್ನೊಂದರಲ್ಲಿ 200. ದೊಡ್ಡದು ಟ್ರಿಪ್ ಆದರೆ (ತಾನಾಗಿ ಕಡಿತಗೊಂಡರೆ) 200 ಇದ್ದದ್ದು ಒಂದೇ ಏಟಿಗೆ 600. ದೊಡ್ಡ ಗ್ರಿಡ್‌ನಲ್ಲಿ ಮುಂದಿನ ಟ್ರಿಪ್ ಪಕ್ಕದಲ್ಲೇ ಆಗಬೇಕೆಂದಿಲ್ಲ, ಬಹಳ ದೂರದಲ್ಲೂ ಆಗಬಹುದು. ಕನಿಷ್ಠ ಡಿಸಿ ಲೋಡ್ ಫ್ಲೋ (ಯಾವ ಲೈನಿನಲ್ಲಿ ಎಷ್ಟು ವಿದ್ಯುತ್ ಹರಿಯುತ್ತದೆ ಎಂಬ ಸರಳ ಲೆಕ್ಕ) ಬೇಕೇ ಬೇಕು. ಗ್ರಿಡ್ ಕುಸಿತಕ್ಕೆಂದೇ ಮಾಡಿದ ಒಪಿಎ ಮಾದರಿ ಅದನ್ನೇ ಬಳಸುತ್ತದೆ.

ರಿಲೇ ಟೆಸ್ಟರ್: ಅಪಾಯ ಕಂಡರೆ ಲೈನನ್ನು ಕಡಿತ ಮಾಡಿಸುವ ರಿಲೇಯನ್ನೇ ಇಬ್ಬರೂ ಬಿಟ್ಟಿದ್ದೀರಿ. ಡಿಸ್ಟೆನ್ಸ್ ರಿಲೇ ನೋಡುವುದು ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದ ಲೆಕ್ಕ. ವೋಲ್ಟೇಜ್ 10% ಇಳಿದು ಕರೆಂಟ್ 50% ಏರಿದರೆ 0.9 ಭಾಗಿಸು 1.5, ಅಂದರೆ 0.6. ಈ ಲೆಕ್ಕ, ಅಂದರೆ ಇಂಪೀಡೆನ್ಸ್, ಇಷ್ಟು ಇಳಿದರೆ ದೂರದಲ್ಲೆಲ್ಲೋ ಫಾಲ್ಟ್ (ಶಾರ್ಟ್ ಸರ್ಕ್ಯೂಟ್‌ನಂಥ ದೋಷ) ಆಗಿದೆ ಎಂದು ರಿಲೇಯ ದೂರ ನೋಡುವ ವಲಯವಾದ ಜೋನ್ 3 ಲೈನನ್ನೇ ತೆಗೆದುಬಿಡಬಹುದು. 2003ರ ಆಗಸ್ಟ್ 14ರಂದು ಅಮೆರಿಕದ ಒಹಾಯೊದಲ್ಲಿ ಸ್ಯಾಮಿಸ್-ಸ್ಟಾರ್ ಲೈನ್ ಹೀಗೇ ಹೋಯಿತು. 2012ರ ಜುಲೈ 30ರಂದು ಭಾರತದ ಬೀನಾ-ಗ್ವಾಲಿಯರ್ 400 ಕೆವಿ ಲೈನ್ ಕೂಡ. ಎರಡರಲ್ಲೂ ಫಾಲ್ಟೇ ಇರಲಿಲ್ಲ! ಡಿಸಿ ಲೋಡ್ ಫ್ಲೋನಲ್ಲಿ ವೋಲ್ಟೇಜ್ ಎಲ್ಲ ಕಡೆ ಸರಿಯಾಗಿದೆ ಎಂದೇ ಹಿಡಿಯುತ್ತಾರೆ. ಹಾಗಾದರೆ ಇದು ಕಾಣುವುದು ಹೇಗೆ?

ಲೋಡ್‌ಫ್ಲೋ: ಒಪ್ಪುತ್ತೇನೆ. ಆದರೆ ವೋಲ್ಟೇಜ್ ಕುಸಿಯುವ ಹೊತ್ತಿಗೆ ವೋಲ್ಟೇಜನ್ನೂ ಲೆಕ್ಕಕ್ಕೆ ಹಿಡಿಯುವ ಎಸಿ ಲೋಡ್ ಫ್ಲೋ ಎಷ್ಟೋ ಸಲ ಕನ್ವರ್ಜ್ ಆಗುವುದೇ ಇಲ್ಲ, ಅಂದರೆ ಉತ್ತರವೇ ಸಿಗುವುದಿಲ್ಲ. ಸಾವಿರಾರು ಸನ್ನಿವೇಶ ಓಡಿಸಬೇಕಾದವರು ಏನು ಮಾಡಬೇಕು?

ಕಂಟ್ರೋಲ್ ರೂಮ್: ಕುಸಿತವನ್ನು ಎರಡು ಭಾಗ ಮಾಡಿ. ಒಹಾಯೊದಲ್ಲಿ ಲೈನ್‌ಗಳು ಜೋತುಬಿದ್ದು ಮರಕ್ಕೆ ತಾಗಿ ಒಂದೊಂದೇ ಹೋಗಲು ಶುರುವಾದದ್ದು ಮಧ್ಯಾಹ್ನ 3:05ಕ್ಕೆ. ಸ್ಯಾಮಿಸ್-ಸ್ಟಾರ್ ಹೋದದ್ದು 4:05 ದಾಟಿದ ಮೇಲೆ. ಅಲ್ಲಿಂದ ಹತ್ತು ನಿಮಿಷದೊಳಗೆ ಸುಮಾರು 5 ಕೋಟಿ ಜನರಿಗೆ ಕರೆಂಟ್ ಇಲ್ಲ. ನಿಧಾನದ ಆ ಒಂದು ಗಂಟೆಗೆ ಸರಳ ಲೆಕ್ಕ ನಡೆಯುತ್ತದೆ. ಆಮೇಲಿನದಕ್ಕೆ ರಿಲೇ, ಜನರೇಟರ್ ಎಲ್ಲ ಸೇರಿದ, ಕ್ಷಣಕ್ಷಣದ ಬದಲಾವಣೆ ಲೆಕ್ಕಹಾಕುವ ಡೈನಮಿಕ್ ಸಿಮ್ಯುಲೇಷನ್ ಬೇಕು. ಇನ್ನೊಂದು ಮಾತು. ಅವತ್ತು ಕಂಟ್ರೋಲ್ ರೂಮಿನ ಅಲಾರಂ ಸಾಫ್ಟ್‌ವೇರ್ 3:05ಕ್ಕೂ ಮೊದಲೇ ನಿಂತುಹೋಗಿತ್ತು, ಕೂತಿದ್ದವರಿಗೆ ಗೊತ್ತೇ ಆಗಲಿಲ್ಲ. ಲೋಡ್ ಕಡಿತ ಮಾಡಿ ತಡೆಯಲು ಇದ್ದದ್ದು ಆ ಒಂದು ಗಂಟೆಯೇ. ನಿಮ್ಮ ಯಾವ ಮಾದರಿಯಲ್ಲಿ ಆಪರೇಟರ್ ಇದ್ದಾರೆ?

ಜಾಲಗಣಿತ: ಅಲ್ಲೇ ನನ್ನ ಚುಕ್ಕೆ-ಗೆರೆಗೆ ಕೆಲಸ ಇದೆ ಅಲ್ವಾ? ಎರಡು ಜಾಲ ಜೋಡಿಸಿ ನೋಡಬಹುದು: ಗ್ರಿಡ್ ಒಂದು ಜಾಲ, ಅದನ್ನು ನೋಡಿಕೊಳ್ಳುವ ಕಂಪ್ಯೂಟರ್‌ಗಳದ್ದು ಇನ್ನೊಂದು.

ರಿಲೇ ಟೆಸ್ಟರ್: ಇರಲಿ, ಸೇರಿಸಿ. ಆದರೆ ನಾನು ನೋಡಿದ ಟೆಸ್ಟ್ ಗ್ರಿಡ್ ಫೈಲ್‌ಗಳಲ್ಲಿ ಲೈನ್‌ಗಳ ರಿಯಾಕ್ಟೆನ್ಸ್ ಇರುತ್ತದೆ, ರಿಲೇ ಸೆಟ್ಟಿಂಗ್ ಇರುವುದಿಲ್ಲ. ಮೊದಲು ಅದನ್ನು ತುಂಬಿಸೋಣ. ಜೋನ್ 3 ಎಷ್ಟು ದೂರ ನೋಡುತ್ತದೆ, ಎಷ್ಟು ಹೊತ್ತು ಕಾಯುತ್ತದೆ, ಇಷ್ಟು ಸಿಕ್ಕರೂ ನಾನು ಕೂತು ಓಡಿಸುತ್ತೇನೆ.